ಏಳು ಗಂಟೆಯ ತೇರ್ಸ

ನಮ್ಮ ಮನೆಯಲ್ಲಿ ಸಂಜೆ ಏಳಕ್ಕೆ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ. ಅದರ ಪ್ರತಿಯೊಂದು ಜಪದ ಮೊದಲರ್ಧವನ್ನು ಹೆಂಡತಿ ಹೇಳುತ್ತಿದ್ದಳು, ಉಳಿದರ್ಧ ನಾನು. ಅವಳ ಭಾಗದಲ್ಲಿ ದೇವರ ಸ್ತುತಿ. ನನ್ನ ಭಾಗದಲ್ಲಿ ಬರೀ ಬೇಡಿಕೆ: ಅನ್ನ ಕೊಡು, ತಪ್ಪು ಕ್ಷಮಿಸು, ಶೋಧನೆಗೆ ಬೀಳಿಸಬೇಡ. ಮೂವತ್ತು ವರ್ಷ ಅದನ್ನು ಹೇಳಿದ್ದೇನೆ. ನನ್ನನ್ನು ದಾರಿ ತಪ್ಪಿಸುವ ಯಾವ ಶೋಧನೆ ಬಂದೀತು ಎಂದು ಒಮ್ಮೆಯೂ ಯೋಚಿಸಿದವನಲ್ಲ.

ಫಳ್ನೀರಿನ ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳು ಕೇಳಿದ್ದು ಒಂದೇ.

“ತೇರ್ಸ ಬಿಡಬೇಡಿ, ಆಯ್ತಾ?”

ಬಿಡುವುದಿಲ್ಲ ಎಂದೆ.

ಅವಳು ತೀರಿಕೊಂಡ ತಿಂಗಳಿಗೆ ಚರ್ಚಿನಲ್ಲಿ ಇಡುವ ಬಲಿಪೂಜೆ ಮುಗಿಯುವವರೆಗೆ ನೆಂಟರಿದ್ದರು, ಪ್ರಾರ್ಥನೆ ನಡೆಯಿತು. ಅವರು ಹೋದ ಮರುದಿನ ಏಳಕ್ಕೆ ಮೇಣದ ಬತ್ತಿ ಹಚ್ಚಿ ಕುಳಿತೆ. ಶುರು ಮಾಡುವವರಿಲ್ಲ. ಪ್ರಾರ್ಥನೆ ಪೂರ್ತಿ ಬಾಯಿಪಾಠವೇ. ಆದರೂ ಅವಳ ಭಾಗ ನನ್ನ ಬಾಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು, ದೋಣಿಗಳು ಬರುವ ದಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವವರು, ನಮ್ಮಂಥ ಕ್ರೈಸ್ತರನ್ನು ಊರವರು ಕರೆಯುವ ಹಾಗೆಯೇ ಕಂಪೌಂಡಿನ ಆಚೆಯಿಂದ ಕರೆದರು.

“ಪೊರ್ಬುಗಳೇ, ಒಬ್ರೇ ಕೂತು ಎಂತ ಮಾಡ್ತೀರಿ ಮಾರಾಯ್ರೆ? ಬನ್ನಿ, ಮ್ಯಾಚ್ ಉಂಟು.”

ಬತ್ತಿ ಆರಿಸಿ ಹೋದೆ. ಮರುದಿನವೂ ಹೋದೆ. ಅಲ್ಲಿ ಚಹಾ ಇತ್ತು, ಮಾತು ಇತ್ತು, ಅವಳ ಖಾಲಿ ಕುರ್ಚಿ ಇರಲಿಲ್ಲ. ಹತ್ತು ದಿನ ಹೀಗೇ ಕಳೆಯಿತು. ತಪ್ಪು ಮಾಡುತ್ತಿದ್ದೇನೆ ಎಂದು ಅನಿಸಲೂ ಇಲ್ಲ.

ನನ್ನ ಹೆಂಡತಿಯನ್ನು ಬಾಯಮ್ಮ ಎಂದೇ ಕರೆಯುತ್ತಿದ್ದ ಅವರ ಹೆಂಡತಿ ಒಂದು ಸಂಜೆ ಚಹಾ ಕೊಡುತ್ತಾ ಹೇಳಿದರು:

“ಬಾಯಮ್ಮ ಇರುವಾಗ ನಿಮ್ಮ ತೇರ್ಸ ಕೇಳಿದ ಕೂಡಲೇ ನಾನು ದೇವರಿಗೆ ದೀಪ ಇಡ್ತಿದ್ದೆ. ಈಗ ನಂಗೆ ನೆನಪೇ ಆಗುದಿಲ್ಲ. ಇವರಿಗೆ ಕ್ರಿಕೆಟ್ಟೇ ದೇವರು.”

“ಮೊಬೈಲಲ್ಲಿ ಅಲಾರಾಂ ಇಡು,” ಎಂದರು ಗಂಡ.

ನಾನೂ ನಕ್ಕೆ. ಆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ನಾನು ಅವಳಿಗೆ ಕೊಟ್ಟ ಮಾತನ್ನು ನೆರೆಮನೆಯವರು ನೆನಪಿಸಬೇಕಾಯಿತು.

ಮರುದಿನ ಏಳಕ್ಕೆ ಅವಳ ಭಾಗದಿಂದಲೇ, ಗಟ್ಟಿಯಾಗಿ ಆರಂಭಿಸಿದೆ. ಎರಡೂ ಭಾಗಗಳನ್ನು ಒಬ್ಬನೇ ಹೇಳಿದರೆ ಉಸಿರು ಸಾಲುವುದಿಲ್ಲ ಎಂದು ಗೊತ್ತಾಯಿತು. ನಡುವೆ ನಡುವೆ ನಿಲ್ಲಿಸುತ್ತಾ ಹತ್ತು ಮಣಿ ದಾಟಿದ್ದೆ, ಆಚೆಯಿಂದ ಕರೆ ಬಂತು.

“ಬರುದಿಲ್ವಾ? ಟಾಸ್ ಆಯ್ತು!”

“ಇಲ್ಲ, ತೇರ್ಸ ಉಂಟು.”

“ಓ! ಹಾಗಾದ್ರೆ ಸೌಂಡ್ ಕಮ್ಮಿ ಮಾಡ್ತೇನೆ.”

ಟಿ.ವಿ.ಯ ಸದ್ದು ಅಡಗಿತು. ಟಾಸ್ ಯಾರು ಗೆದ್ದರು ಎಂದು ಕೇಳಬೇಕೆನಿಸಿತು, ಬಾಯಿ ತೆರೆದೂ ಆಗಿತ್ತು. ಕೇಳಲಿಲ್ಲ. ಹನ್ನೊಂದನೆಯ ಮಣಿ ಹಿಡಿದೆ.