ಅಚ್ಚು ಒತ್ತದ ಚಾಂಟರ್

ಮ್ಯಾಲಕಿ ಕಾನ್ಸಿಡೈನ್ ಕ್ಲೇರ್ ಸೀಮೆಯಲ್ಲಿ ನಲವತ್ತು ವರ್ಷ ಪೈಪ್ ಮಾಡಿದ. ಸೈನ್ಯದವರು ಬಾಯಲ್ಲಿ ಊದುತ್ತಾ ನಡೆಯುವ ಬ್ಯಾಗ್‌ಪೈಪ್ ಅಲ್ಲ. ಕೂತು, ಮೊಣಕೈ ಕೆಳಗಿನ ತಿದಿ ಒತ್ತಿ ನುಡಿಸುವ ನಮ್ಮ ಐರಿಷ್ ಪೈಪ್. ಅವನ ಕೈಯದೊಂದು ಬೇಕೆಂದರೆ ಏಳು ವರ್ಷ ಕಾಯಬೇಕಿತ್ತು. ಕಾದದ್ದನ್ನೂ ದೊಡ್ಡಸ್ತಿಕೆಯಾಗಿ ಹೇಳಿಕೊಳ್ಳುವ ಜನ ನಮ್ಮ ಪೈಪರ್‌ಗಳು. ಮದುವೆಯಾದ ವರ್ಷ ಮರೆತಾರು, ತಮ್ಮ ಪೈಪ್ ಯಾರು ಮಾಡಿದ್ದೆಂದು ಮರೆಯಲಾರರು.

ಬೆರಳಾಡಿಸುವ ಕೊಳವೆಗೆ ಚಾಂಟರ್ ಎನ್ನುತ್ತಾರೆ. ಪೈಪಿನ ಜೀವ ಇರುವುದೇ ಅದರಲ್ಲಿ. ಈ ಚಾಂಟರ್ ವಿಷಯದಲ್ಲಿ ಮ್ಯಾಲಕಿಗೆ ಸೋದರಮಾವ ಕಲಿಸಿದ ಒಂದು ಕಟ್ಟುಪಾಡಿತ್ತು. ಹೊಸದಕ್ಕೆ ಹೆಸರಿನ ಅಚ್ಚು ಒತ್ತಬಾರದು. ನುಡಿಸುವವನ ಮನೆಯಲ್ಲಿ ಅದು ಒಂದು ಚಳಿಗಾಲ ಕಳೆಯಲಿ, ಮರ ಕುಗ್ಗುವಷ್ಟು ಕುಗ್ಗಲಿ. ವಾಪಸ್ಸು ಬಂದಾಗ ಕೊನೆಯ ಸಲ ಶ್ರುತಿ ತಿದ್ದಿ ಅಚ್ಚು ಒತ್ತಬೇಕು.

೧೯೭೯ರಲ್ಲಿ, ಹಾಳುಬಿದ್ದ ಬಂಗಲೆಯೊಂದರ ಮೇಜಿನ ಕಾಲು ಅವನ ಕೈಗೆ ಸಿಕ್ಕಿತು. ನೂರೈವತ್ತು ವರ್ಷ ಹಳೆಯ ಕರಿಮರ. ಅದನ್ನು ಕಡೆದು ಮಾಡಿದ ಚಾಂಟರನ್ನು ಡೆಕ್ಲನ್ ಟೂಹಿ ಎಂಬ ಇಪ್ಪತ್ತೆರಡರ ಪೈಪರ್ ಒಯ್ದ. ಚಳಿಗಾಲ ಕಳೆದು ಬಾ ಎಂದು ಮ್ಯಾಲಕಿ ಹೇಳಿ ಕಳಿಸಿದ. ಡೆಕ್ಲನ್ ಬರಲಿಲ್ಲ, ಡಬ್ಲಿನ್‌ಗೆ ಹೋದ, ಹೆಸರು ಮಾಡಿದ. ಅಲ್ಲಿ ಯಾರೋ ಬಲ್ಲವರು ಅಚ್ಚಿಲ್ಲದ ಆ ಹಳೇ ಮರ ನೋಡಿ, ದನಿ ಕೇಳಿ, ಇದು ಲಿಲಿಸ್ ಮಾಡಿದ್ದೇ ಎಂದುಬಿಟ್ಟರು. ಪೈಪ್ ಮಾಡುವವರಲ್ಲೆಲ್ಲ ದೊಡ್ಡ ಹೆಸರಾದ ಲಿಲಿಸ್ ಸತ್ತು ನೂರು ವರ್ಷ ದಾಟಿತ್ತು. ನಮ್ಮವರಿಗೆ ಅವನು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಡೆಕ್ಲನ್ ಮೊದಲು ಸುಮ್ಮನಿದ್ದ. ಆಮೇಲೆ ರೇಡಿಯೊದಲ್ಲಿ ತಾನೇ ಹಾಗೆ ಹೇಳತೊಡಗಿದ.

ಅದನ್ನು ಕೇಳಿ ಮ್ಯಾಲಕಿ ನಕ್ಕ. ಲಿಲಿಸ್‌ನ ಕೆಲಸ ಎನ್ನುವಷ್ಟು ಚೆನ್ನಾಗಿದೆಯಲ್ಲ ಎಂದು ಒಳಗೊಳಗೇ ಉಬ್ಬಿದ ಕೂಡ. ಅವನ ಹೆಂಡತಿ ನೋರಾ ಮಾತ್ರ ರೊಟ್ಟಿ ಕೊಯ್ಯುತ್ತಿದ್ದ ಚಾಕು ಕೆಳಗಿಟ್ಟಳು. "ನಗು, ಚೆನ್ನಾಗಿ ನಗು. ನೀನು ಹುಟ್ಟಿಸಿದ ಮಗೂಗೆ ಸತ್ತವನ ಹೆಸರಿಟ್ಟಿದಾರೆ."

ಮ್ಯಾಲಕಿ ಡೆಕ್ಲನ್‌ಗೆ ಎರಡು ಪತ್ರ ಬರೆದ, ಉತ್ತರ ಬರಲಿಲ್ಲ. ಒಮ್ಮೆ ಪಬ್ಬಿನಲ್ಲಿ ನಿಜ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಬಾಯಿ ಮುಚ್ಚಿಕೊಂಡ. ಮುಂದೆ ಅವನು ಯಾವ ಚಾಂಟರ್ ಮಾಡಿಕೊಟ್ಟರೂ ಜನ ಮೆಚ್ಚಿ, ಲಿಲಿಸ್‌ನಷ್ಟಿಲ್ಲ ಬಿಡು, ಆದರೂ ಹತ್ತಿರ ಬಂದಿದೀಯ ಎನ್ನುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಯಾರಿಗೆ ತಾನೇ ಉರಿಯುವುದಿಲ್ಲ?

ಮೂವತ್ತೆರಡು ವರ್ಷವಾದ ಮೇಲೆ ಡೆಕ್ಲನ್ ಒಬ್ಬನೇ ಬಾಗಿಲಿಗೆ ಬಂದ. ತಲೆ ನರೆತಿತ್ತು. ಯಾವುದೋ ದೇಶದ ಹೋಟೆಲಿನ ಕಾವಿಗೆ ಚಾಂಟರ್ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಬೇರೆ ಯಾರ ಕೈಗೂ ಕೊಡಲು ಅವನಿಗೆ ಧೈರ್ಯವಾಗಿರಲಿಲ್ಲ.

"ಒಂದು ಚಳಿಗಾಲ ಅಂದಿದ್ದೆ," ಎಂದ ಮ್ಯಾಲಕಿ.

"ಗೊತ್ತು."

"ಇದು ಯಾರು ಮಾಡಿದ್ದು, ಡೆಕ್ಲನ್?"

ಡೆಕ್ಲನ್ ಟೋಪಿ ಕೈಯಲ್ಲಿ ತಿರುಗಿಸುತ್ತಾ ನಿಂತ. "ನೀನು ಮಾಡಿದ್ದು. ಆದ್ರೆ ಈಗ ಹಾಗಂದ್ರೆ ನನ್ನ ಮುಖಕ್ಕೆ ಉಗೀತಾರೆ, ಮ್ಯಾಲಕಿ."

ಮ್ಯಾಲಕಿ ಚಾಂಟರನ್ನು ಒಳಗೆ ಒಯ್ದ. ಹತ್ತು ದಿನ ಕೂತು ಸೀಳು ಮುಚ್ಚಿದ. ಮೇಲಿನ ಸ್ಥಾಯಿಯ ಒಂದು ಸ್ವರ ಮೊದಲಿನಿಂದಲೂ ಒಂದು ಎಳೆ ಇಳಿದಿತ್ತು, ಅದನ್ನೂ ಎತ್ತಿದ. ಕೊನೆಗೆ, ಮಾವ ಕಲಿಸಿದ ಹಾಗೆ, ಹೆಸರಿನ ಅಚ್ಚು ಒತ್ತಿದ.

ಡೆಕ್ಲನ್ ಅದನ್ನು ನೋಡಿದ, ಪೆಟ್ಟಿಗೆಗಿಟ್ಟುಕೊಂಡು ಹೋದ. ವಾರದಲ್ಲೇ ರೇಡಿಯೊದಲ್ಲಿ ಅವನ ದನಿ ಬಂತು: ಮ್ಯಾಲಕಿಯ ಹತ್ತಿರ ರಿಪೇರಿಗೆ ಕೊಟ್ಟಿದ್ದೆ, ಪಾಪ, ಅದರ ಮೇಲೆ ತನ್ನ ಹೆಸರು ಒತ್ತಿಕೊಟ್ಟಿದ್ದಾನೆ, ವಯಸ್ಸಾಗಿದೆ, ದೊಡ್ಡದು ಮಾಡಬೇಡಿ. ಬೈದಿದ್ದರೆ ಮ್ಯಾಲಕಿ ತಡೆದುಕೊಳ್ಳುತ್ತಿದ್ದನೇನೋ. ಆ ಕರುಣೆ ಅವನನ್ನು ಮುಗಿಸಿತು. ಲಿಲಿಸ್‌ನ ಕೆಲಸವನ್ನು ಕೆಡಿಸಿದವನಿಂದ ತಮಗೇನೂ ಬೇಡವೆಂದು ಪೈಪರ್‌ಗಳು ಪತ್ರ ಬರೆದರು. ಏಳು ವರ್ಷದ ಸಾಲು ಒಂದೇ ತಿಂಗಳಲ್ಲಿ ಕರಗಿತು. ಪತ್ರಿಕೆಗೆ ಬರೆ ಎಂದು ನೋರಾ ಹಟ ಹಿಡಿದಳು. ಏನೆಂದು ಬರೆಯುವುದು? ಇದ್ದ ಒಬ್ಬನೇ ಸಾಕ್ಷಿ ರೇಡಿಯೊದಲ್ಲಿ ಆಗಲೇ ಮಾತಾಡಿಯಾಗಿತ್ತು.

ಮುಂದಿನ ಶರತ್ಕಾಲದಲ್ಲಿ ಡೆಕ್ಲನ್ ನಮ್ಮೂರಿನ ಚರ್ಚ್ ಹಾಲಿನಲ್ಲೇ ನುಡಿಸಿದ. ಅಚ್ಚನ್ನು ಯಾರಿಂದಲೋ ಉಜ್ಜಿಸಿ ತೆಗೆಸಿದ್ದ. ನೋರಾ ಬೇಡವೆಂದರೂ ಮ್ಯಾಲಕಿ ಹೋಗಿ ನಡುವಿನ ಸಾಲಿನಲ್ಲಿ ಕೂತ. ಅವನ ಎಡಬಲದ ಕುರ್ಚಿಗಳು ಖಾಲಿಯೇ ಉಳಿದವು. ಡೆಕ್ಲನ್ ನಿಧಾನದ ಒಂದು ಶೋಕರಾಗ ಎತ್ತಿಕೊಂಡ. ಮೇಲಿನ ಸ್ಥಾಯಿಯ ಆ ಸ್ವರ ಬಂದಾಗ ಮ್ಯಾಲಕಿ ಉಸಿರು ಬಿಗಿಹಿಡಿದ. ಅದು ಕೂರಬೇಕಾದಲ್ಲೇ ಕೂತಿತು. ತಾನು ಅದಕ್ಕಿಂತ ಒಳ್ಳೆಯದನ್ನು ಮಾಡಿರಲಿಲ್ಲ, ಇನ್ನು ಮಾಡುವುದೂ ಇಲ್ಲವೆಂದು ಅವನಿಗೆ ಗೊತ್ತಾಯಿತು.

ಇಡೀ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮ್ಯಾಲಕಿ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತೇ ಇದ್ದ. ಹಿಂದಿನ ಸಾಲಿನಲ್ಲಿ ಅಂಚೆ ಕಚೇರಿಯ ಡೆಲಿಯಾ ಇದ್ದಳು.

"ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ಎರಡು ಕೈ ತಟ್ಟಿದ್ರೆ ಏನು ಗಂಟು ಹೋಗ್ತಿತ್ತು?" ಎಂದಳು, ಅವನಿಗೆ ಕೇಳಿಸುವ ಹಾಗೆ.

ಮ್ಯಾಲಕಿ ತಿರುಗಿ ನೋಡಿದ. "ತನ್ನ ಕೆಲಸಕ್ಕೆ ತಾನೇ ಚಪ್ಪಾಳೆ ಹೊಡ್ಕೊಳ್ಳೋದು ನಮ್ಮ ಮನೇಲಿ ಕಲಿಸಿಲ್ಲ, ಡೆಲಿಯಾ."