ಎಡೆಗಿಟ್ಟ ಡೀಸೆಲ್ ಪಂಪು

ಆ ಭಾನುವಾರ ಅಣ್ಣ ಪವರ್ ಟಿಲ್ಲರ್ ಬಿಚ್ಚಿ, ಬಿಡಿಭಾಗಗಳನ್ನು ಊಟದ ತಟ್ಟೆಗಳಲ್ಲಿ ಜೋಡಿಸಿಟ್ಟು ಮಲಗಿದ. ಬೆಳಿಗ್ಗೆ ಏಳಲಿಲ್ಲ.

ಹನ್ನೊಂದನೆಯ ದಿನ ಅವನಿಗಿಷ್ಟವಾದ ಮುದ್ದೆ, ಕೋಳಿಸಾರು, ಬೀಡಿಕಟ್ಟು ಎಡೆಗಿಟ್ಟೆವು. ಸೋದರತ್ತೆ ಪಕ್ಕದಲ್ಲೇ ಟಿಲ್ಲರಿನ ಡೀಸೆಲ್ ಪಂಪನ್ನೂ ಇಟ್ಟು ಕುಂಕುಮ ಸುರಿದರು. ಇದ್ಯಾಕೆ ಎಂದು ನಾನು ಕೇಳಿದ್ದಕ್ಕೆ, “ಎಂಡ್ರಿಗಿಂತ ಇದ್ನೇ ಚೆಂದಾಗಿ ನೋಡ್ಕಂಡಿದ್ದ, ಸುಮ್ಕಿರ್ಲಾ” ಎಂದರು.

ನಾಟಿ ಹತ್ತಿರ ಬಂದಿತ್ತು. ಗದ್ದೆ ಉಳಲು ನಾನೇ ಎರಡು ದಿನ ಒದ್ದಾಡಿ ಟಿಲ್ಲರ್ ಜೋಡಿಸಿದೆ. ಸ್ಟಾರ್ಟ್ ಆಗಲಿಲ್ಲ. ಪಾಂಡವಪುರದ ಮೆಕ್ಯಾನಿಕ್ ಪಂಪು ಬಿಚ್ಚಿ ನೋಡಿ, “ಡೀಸೆಲ್ ಕುಡ್ಸೋ ಜಾಗ್ದಲ್ಲಿ ಕುಂಕ್ಮ ಕುಡ್ಸಿದ್ದೀಯಲ್ಲಲೇ!” ಎಂದು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ; ಅಣ್ಣ ಹೋದ ಮೇಲೆ ನಕ್ಕಿದ್ದು ಅವತ್ತೇ ಮೊದಲು.

ಪಂಪು ತೊಳೆದು ಹಾಕಿದ ಮೇಲೆ ಗದ್ದೆ ಉತ್ತಾಯಿತು, ನಾಟಿಯೂ ಆಯಿತು. ಮೂರು ಬೋಲ್ಟು ಮಿಕ್ಕಿವೆ. ಅವು ಎಲ್ಲಿಯವೆಂದು ಕೇಳಲು ಅಣ್ಣ ಇಲ್ಲ.