ಫ್ರೀಜರಿನಲ್ಲಿ ಸಿಕ್ಕ ಸೀಗಡಿ

ಸ್ನೇಹಿತರೇ, ಫ್ರೀಜರಿನಲ್ಲಿಟ್ಟಿದ್ದ ಸೀಗಡಿ ಪೊಟ್ಟಣ ಇವತ್ತು ಬೆಳಿಗ್ಗೆ ಅಮ್ಮನ ಕೈಗೆ ಸಿಕ್ಕಿತು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಲಿಂಗಾಯತರ ಮನೆ.

"ಮೀನು ಸಾಕ್ಕೋ ಅಂದೆ ಕಣೋ. ಸೀಗಡಿ ತಂದು ನನ್ನ ಹಾಲಿನ ಪಕ್ಕ ಇಡು ಅಂದಿದ್ನಾ?"

ಹವಳದ ಕಲ್ಲಿಟ್ಟ ಪುಟ್ಟ ಉಪ್ಪುನೀರಿನ ಅಕ್ವೇರಿಯಂನಲ್ಲಿ ನನ್ನವು ಎರಡೇ ಗೋಬಿ ಮೀನು, ಕಿರುಬೆರಳಿಗಿಂತ ಚಿಕ್ಕವು. ಒಣ ಆಹಾರ ಮುಟ್ಟುವುದಿಲ್ಲ, ಸೀಗಡಿ ಇಲ್ಲದಿದ್ದರೆ ಹಸಿದು ಸಾಯುತ್ತವೆ ಎಂದೆ.

ಅಮ್ಮ ಸ್ವಲ್ಪ ಹೊತ್ತು ಗಾಜಿನೊಳಗೆ ನೋಡಿದರು. ಆಮೇಲೆ ಕಾಂಪೌಂಡಿನ ಬಳಿ ಹೋಗಿ ಪಕ್ಕದ ಮನೆಯ ಮೇರಿ ಆಂಟಿಯನ್ನು ಕೂಗಿದರು. "ಇದನ್ನ ನಿಮ್ಮ ಫ್ರಿಜ್ಜಲ್ಲಿ ಇಟ್ಕೊಳ್ತೀರಾ?"

"ಕೊಡಿ ಕಣ್ರೀ. ತಪಸ್ಸುಕಾಲ ಅಂತ ಈಸ್ಟರ್‌ವರೆಗೆ ನಾವೂ ಮಾಂಸ, ಮೀನು ಬಿಟ್ಟಿದ್ದೀವಿ. ಫ್ರೀಜರ್ ಖಾಲಿ ಇದೆ."

ಮಧ್ಯಾಹ್ನ ಗೋಬಿಗಳ ಊಟವಾಯಿತು. ಸದ್ಯಕ್ಕೆ ಎರಡೂ ಮನೆ ಸೇರಿ ಮಾಂಸಾಹಾರಿಗಳೆಂದರೆ ಇವೆರಡೇ.